ಸಭೆಯಿಂದ ಚಾವಡಿಗೆ: ಗುನ್ಹೆಗಾರ ಜಾತಿಗಳ ಕಾಯದೆಯೂ ವಿಜಾಪುರ ಸೀಮೆಯೂ (1871–1952)

1

ಬ್ರಿಟಿಶರ ಆಳಿಕೆಯಲ್ಲಿ ನಮ್ಮ ನಾಡಿನ ಶಾಸನಸಭೆಗಳು ಬೆಳೆದುಬಂದ ಬಗೆಯನ್ನು ವಿವರಿಸುವಾಗ 1861, 1892, 1909, 1919, 1935ರ ಕಾನೂನುಗಳನ್ನು ಒಂದರ ಮೇಲೊಂದು ಮೆಟ್ಟಲುಗಳಂತೆ ಜೋಡಿಸಿ ತೋರಿಸುವ ರೂಢಿಯುಂಟು. ಪ್ರತಿಯೊಂದು ಮೆಟ್ಟಲಿನಲ್ಲಿಯೂ ಸದಸ್ಯರ ಸಂಖ್ಯೆ ಹೆಚ್ಚಿತು. ಪ್ರಶ್ನೆ ಕೇಳುವ, ಗೊತ್ತುವಳಿ ಮಂಡಿಸುವ, ಅಂದಾಜುಪತ್ರಿಕೆಯನ್ನು ಚರ್ಚಿಸುವ ಅಧಿಕಾರಗಳು ಒಂದೊಂದಾಗಿ ದೊರೆತವು. ಈ ಚಿತ್ರವು ಸುಳ್ಳಲ್ಲ. ಆದರೆ ಗುನ್ಹೆ ಮತ್ತು ಸಾರ್ವಜನಿಕ ಶಾಂತತೆಗೆ ಸಂಬಂಧಿಸಿದ ಕಾಯದೆಗಳನ್ನು ಮಾತ್ರ ಆಯ್ದುಕೊಂಡು ನೋಡಿದರೆ ಇದಕ್ಕೆ ವಿರುದ್ಧವಾದ ಇನ್ನೊಂದು ಚಲನೆ ಕಣ್ಣಿಗೆ ಬೀಳುತ್ತದೆ. ಸಭೆಗಳು ಮೇಲೇರುತ್ತಿದ್ದಂತೆಯೇ, ಒಬ್ಬ ಮನುಷ್ಯನನ್ನು ಗುನ್ಹೆಗಾರನೆಂದು ನಿರ್ಣಯಿಸುವ ಅಧಿಕಾರವು ಸಭೆಯಿಂದಲೂ ನ್ಯಾಯಾಲಯದಿಂದಲೂ ಜಾರಿ, ಕಚೇರಿಗೆ, ಅಲ್ಲಿಂದ ಊರಿನ ಚಾವಡಿಗೆ ಇಳಿಯುತ್ತ ಬಂದಿತು.

ಈ ಇಳಿತವನ್ನು 1871ರಲ್ಲಿ ಹುಟ್ಟಿ 1952ರಲ್ಲಿ ಕೊನೆಗೊಂಡ ಗುನ್ಹೆಗಾರ ಜಾತಿಗಳ ಕಾಯದೆಯ ಇತಿಹಾಸದಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣಲಾರೆವು. ಆ ಕಾಯದೆ ಕಾರ್ಯರೂಪಕ್ಕೆ ಬಂದ ನೆಲಗಳಲ್ಲಿ ವಿಜಾಪುರ ಜಿಲ್ಲೆಗೆ ವಿಶೇಷ ಸ್ಥಾನವಿದೆ. ಮುಂಬಯಿ ಇಲಾಖೆಯ ಮೊದಲ ಸೆಟ್ಲಮೆಂಟು ನೆಲೆಗೊಂಡದ್ದು ವಿಜಾಪುರದಲ್ಲಿ. ಆದುದರಿಂದ ಈ ಲೇಖನದಲ್ಲಿ ಶಾಸನಸಭೆಯ ಕಾರ್ಯವನ್ನು ಕಲಕತ್ತೆ, ಮುಂಬಯಿಗಳಿಂದ ನೋಡದೆ, 2014ರಿಂದ ವಿಜಯಪುರವೆಂದು ಕರೆಯಲ್ಪಡುತ್ತಿರುವ ಆ ಊರಿನಿಂದಲೂ ಅದರ ಪಡುವಣ ಸೀಮೆಯ ತಿಕೋಟಾ, ಬಬಲೇಶ್ವರಗಳಂಥ ಗ್ರಾಮಗಳಿಂದಲೂ ನೋಡುವ ಪ್ರಯತ್ನವನ್ನು ಮಾಡಲಾಗಿದೆ.

2

ಮೊದಲು ಈ ಪ್ರದೇಶದ ಆಡಳಿತದ ಪರಿಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಬೇಕು. 1818ರಲ್ಲಿ ಪೇಶವೆಯರ ರಾಜ್ಯ ಅಳಿದ ಮೇಲೆ ವಿಜಾಪುರದ ಭಾಗವು ಸಾತಾರೆಯ ಅರಸರ ಕೈಯಲ್ಲಿದ್ದು, 1848ರಲ್ಲಿ ಆ ಸಂಸ್ಥಾನವು ವಿಲೀನವಾದಾಗ ಬ್ರಿಟಿಶರ ನೇರ ಆಳಿಕೆಗೆ ಒಳಪಟ್ಟಿತು. 1864ರಲ್ಲಿ ಕಲಾದಗಿ ಜಿಲ್ಲೆಯ ರಚನೆಯಾಯಿತು. 1885ರಲ್ಲಿ ಜಿಲ್ಲೆಯ ಮುಖ್ಯ ಕಚೇರಿಗಳು ಕಲಾದಗಿಯಿಂದ ವಿಜಾಪುರಕ್ಕೆ ಬಂದವು. ತಿಕೋಟಾವು ವಿಜಾಪುರದ ಪಶ್ಚಿಮಕ್ಕೂ ಬಬಲೇಶ್ವರವು ನೈಋತ್ಯಕ್ಕೂ ಇವೆ. ಇತ್ತೀಚೆಗೆ ಪ್ರತ್ಯೇಕ ತಾಲೂಕುಗಳಾಗುವವರೆಗೆ ಎರಡೂ ವಿಜಾಪುರ ತಾಲೂಕಿನ ಊರುಗಳೇ. ಅವುಗಳ ಆಚೆ ಪಶ್ಚಿಮಕ್ಕೆ ಜತ್ತ ಸಂಸ್ಥಾನ, ದಕ್ಷಿಣಕ್ಕೆ ಕೃಷ್ಣೆಯ ದಿಕ್ಕಿನಲ್ಲಿ ಜಮಖಂಡಿ ಸಂಸ್ಥಾನ. ಹೀಗೆ ಇದು ಗಡಿಸೀಮೆ. ಒಂದು ಸರಕಾರದ ಕಾಯದೆ ಮುಗಿದು ಇನ್ನೊಂದರ ಅಂಮಲು ತೊಡಗುವ ಇಂಥ ನೆಲದಲ್ಲಿ, ಊರಿಂದೂರಿಗೆ ತಿರುಗಿ ಬದುಕುವವರ ಮೇಲೆ ಪೋಲೀಸರ ಕಣ್ಣು ಸಹಜವಾಗಿಯೇ ಹೆಚ್ಚು ಬೀಳುತ್ತಿತ್ತು.

ಗ್ರಾಮದ ಶಾಂತತೆಯ ಹೊಣೆಯು ಪೂರ್ವದಿಂದಲೂ ಪಾಟೀಲನದು. ಅವನ ಕೈಕೆಳಗೆ ತಳವಾರ, ವಾಲೀಕಾರರು. ಕನ್ನಡ ಜಿಲ್ಲೆಗಳಲ್ಲಿ ಇನಾಮು ಭೂಮಿಯನ್ನುಂಡು ಚಾಕರಿ ಮಾಡುವ ಶೇತಸನದಿಗಳೂ ಇದ್ದರು. ಕಂಪನಿ ಸರಕಾರವು 1827ರ ನಿಬಂಧನೆಗಳಲ್ಲಿ, ಹನ್ನೆರಡನೆಯದರ ಮೂಲಕ, ಇಲಾಖೆಯ ಪೋಲೀಸ ವ್ಯವಸ್ಥೆಯನ್ನು ರೂಪಿಸಿತು. ಆಗಿನ್ನೂ ಶಾಸನಸಭೆಯೆಂಬುದೇ ಇರಲಿಲ್ಲ. ಗವರ್ನರನೂ ಅವನ ಸಲಹೆಗಾರರೂ ಬರೆದುದೇ ಕಾಯದೆ. 1833ರಲ್ಲಿ ಆ ಅಧಿಕಾರವೂ ಮುಂಬಯಿಯ ಕೈಬಿಟ್ಟು ಕಲಕತ್ತೆಗೆ ಹೋಯಿತು. 1861ರ ಕಾನೂನಿನಿಂದ ಅದು ಮರಳಿ ದೊರೆತಾಗ ಮುಂಬಯಿಯ ಕೌನ್ಸಿಲು ಕೈಕೊಂಡ ಆರಂಭದ ಕಾರ್ಯಗಳಲ್ಲಿ 1867ರ ಗ್ರಾಮ ಪೋಲೀಸ ಕಾಯದೆಯೂ ಒಂದು.

ಈ ಕಾಯದೆಯು ಪಾಟೀಲನಿಗೆ ಹೊಸದಾಗಿ ಏನನ್ನೂ ಕೊಟ್ಟಂತೆ ಮೇಲ್ನೋಟಕ್ಕೆ ಕಾಣುವುದಿಲ್ಲ. ಊರಲ್ಲಿ ನಡೆದ ಗುನ್ಹೆಗಳನ್ನು ವರದಿ ಮಾಡುವುದು, ಸಂಶಯಾಸ್ಪದರ ಮೇಲೆ ಕಣ್ಣಿಡುವುದು, ಸಣ್ಣ ಹೊಡೆದಾಟ ಬೈದಾಟಗಳಿಗೆ ಚಾವಡಿಯಲ್ಲಿ ಕೂಡಿಹಾಕುವುದು, ಇವು ಅವನು ಮೊದಲಿನಿಂದ ಮಾಡುತ್ತಿದ್ದ ಕೆಲಸಗಳೇ. ಬದಲಾದದ್ದು ಅವನು ಯಾರಿಗೆ ಉತ್ತರ ಹೇಳಬೇಕೆಂಬುದು. ಮೊದಲು ಊರಿಗೆ, ವತನಕ್ಕೆ, ಬಾಂಧವರಿಗೆ ಬಾಧ್ಯನಾಗಿದ್ದ ಪಾಟೀಲನು ಇನ್ನು ಮೇಲೆ ಮ್ಯಾಜಿಸ್ಟ್ರೇಟನ ಹುಕುಮಿಗೆ ಬಾಧ್ಯನಾದನು. ಕೌನ್ಸಿಲಿನಲ್ಲಿ ಕುಳಿತವರ ಇಚ್ಛೆಯು ತಿಕೋಟಾದ ಚಾವಡಿಯವರೆಗೆ ಹರಿದು ಬರಲು ಬೇಕಾದ ಕಾಲುವೆ ಹೀಗೆ ಸಿದ್ಧವಾಯಿತು. ಅದರಲ್ಲಿ ಯಾವ ನೀರು ಹರಿಯಬೇಕೆಂಬುದು ಮಾತ್ರ ನಿಶ್ಚಯವಾಗಬೇಕಿತ್ತು.

3

1871ರ ಅಕ್ಟೋಬರದಲ್ಲಿ ಗವರ್ನರ್-ಜನರಲ್ಲರ ಕೌನ್ಸಿಲು ಆ ವರ್ಷದ 27ನೆಯ ಕಾಯದೆಯಾಗಿ ಗುನ್ಹೆಗಾರ ಜಾತಿಗಳ ಕಾಯದೆಯನ್ನು ಅಂಗೀಕರಿಸಿತು. ಜಾಮೀನಿಲ್ಲದ ಗುನ್ಹೆಗಳನ್ನು ಪದ್ಧತಿಯಂತೆ ಮಾಡುವ ಚಟಕ್ಕೆ ಬಿದ್ದ ಜಾತಿ, ಗುಂಪು ಅಥವಾ ವರ್ಗವನ್ನು ಗುನ್ಹೆಗಾರ ಜಾತಿಯೆಂದು ಘೋಷಿಸಿ, ಅದರ ಸದಸ್ಯರೆಲ್ಲರ ಪಟ್ಟಿಯನ್ನು ಸಿದ್ಧಪಡಿಸಿ, ಅವರ ಸಂಚಾರವನ್ನು ನಿರ್ಬಂಧಿಸಬಹುದೆಂಬುದು ಇದರ ತಿರುಳು. ಘೋಷಣೆಯ ಸಿಂಧುತ್ವವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸತಕ್ಕದ್ದಲ್ಲವೆಂದೂ ಸ್ಪಷ್ಟವಾಗಿ ವಿಧಿಸಲಾಗಿತ್ತು.

ಇದೇ ವೇಳೆಗೆ ಇದೇ ಕೌನ್ಸಿಲಿನಲ್ಲಿ ಇನ್ನೊಂದು ಮಹತ್ವದ ಕಾಯದೆ ರೂಪುಗೊಳ್ಳುತ್ತಿತ್ತು. ಕಾಯದೆ ಸದಸ್ಯರಾಗಿದ್ದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ನರು ರಚಿಸಿದ ಸಾಕ್ಷ್ಯದ ಕಾಯದೆಯು 1872ರಲ್ಲಿ ಅಂಗೀಕೃತವಾಯಿತು. ಅದರ 54ನೆಯ ಕಲಮು, ಆಪಾದಿತನ ನಡತೆ ಕೆಟ್ಟದ್ದೆಂಬ ಸಂಗತಿಯು, ಅವನೇ ತನ್ನ ಸನ್ನಡತೆಯನ್ನು ಮುಂದೊಡ್ಡದ ಹೊರತು, ವಿಚಾರಣೆಗೆ ಸಂಬಂಧಪಡದೆಂದು ಸಾರುತ್ತಿತ್ತು. ಒಬ್ಬನು ಕಳ್ಳನೆಂದು ಊರೆಲ್ಲ ಹೇಳಿದರೂ, ಈ ಕಳವನ್ನು ಅವನೇ ಮಾಡಿದನೆಂಬುದು ಸಿದ್ಧವಾಗಬೇಕು. ಒಂದು ವರ್ಷದ ಅಂತರದಲ್ಲಿ ಒಂದೇ ಸಭೆಯಿಂದ ಹೊರಟ ಈ ಎರಡು ಕಾಯದೆಗಳನ್ನು ಬದಿಬದಿಯಲ್ಲಿಟ್ಟು ನೋಡಬೇಕು. ಒಂದರಲ್ಲಿ ಒಬ್ಬ ವ್ಯಕ್ತಿಯ ಕೆಟ್ಟ ಹೆಸರನ್ನು ಕೂಡ ಅವನ ವಿರುದ್ಧ ಎತ್ತಲು ಅವಕಾಶವಿಲ್ಲ. ಇನ್ನೊಂದರಲ್ಲಿ ಅವನ ಜಾತಿಯ ಕೆಟ್ಟ ಹೆಸರೇ ಸಾಕು, ವಿಚಾರಣೆಯ ಅಗತ್ಯವೇ ಇಲ್ಲ. ಇದನ್ನು ಶಾಸಕರ ಮರೆವು ಎನ್ನುವಂತಿಲ್ಲ. ನ್ಯಾಯಾಲಯದ ಕಟಕಟೆಗೆ ಬರುವ ಪ್ರಜೆ ಬೇರೆ, ಪೋಲೀಸರ ಪಟ್ಟಿಗೆ ಸೇರುವ ಪ್ರಜೆ ಬೇರೆ ಎಂಬ ವಿಭಾಗವನ್ನೇ ಅವರು ಅಂಗೀಕರಿಸಿದಂತಾಯಿತು.

ಅಷ್ಟಾದರೂ 1871ರ ಕಾಯದೆಯಲ್ಲಿ ಒಂದು ಅಡೆತಡೆ ಉಳಿದಿತ್ತು. ಪ್ರಾಂತ ಸರಕಾರವು ತಾನಾಗಿಯೇ ಯಾವ ಜಾತಿಯನ್ನೂ ಘೋಷಿಸುವಂತಿರಲಿಲ್ಲ. ಕಾರಣಗಳನ್ನು ಬರೆದು ತಿಳಿಸಬೇಕು. ತಿರುಗಾಡುವ ಜಾತಿಯಾಗಿದ್ದರೆ ಅದು ಹೇಗೆ ಹೊಟ್ಟೆ ಹೊರೆಯಬೇಕೆಂಬ ವ್ಯವಸ್ಥೆಯನ್ನೂ ತೋರಿಸಬೇಕು. ಗವರ್ನರ್-ಜನರಲ್ಲರ ಮಂಜೂರಾತಿಯನ್ನು ಪಡೆಯಬೇಕು. ಅನ್ಯಾಯದ ಕಾಯದೆಯಾದರೂ ಬದುಕಿನ ದಾರಿಯನ್ನು ತೋರಿಸದೆ ನಿರ್ಬಂಧಿಸಲಾಗದೆಂಬ ಒಂದು ಮಾತು ಅದರಲ್ಲಿತ್ತು. ಮೇಲಾಗಿ ಅದು ಮೊದಲು ಅನ್ವಯಿಸಿದ್ದು ಉತ್ತರ ಹಿಂದುಸ್ತಾನದ ಪ್ರಾಂತಗಳಿಗೆ. ಮುಂಬಯಿ ಇಲಾಖೆ ಸುಮಾರು 40 ವರ್ಷ ಅದರ ಹೊರಗೇ ಉಳಿಯಿತು.

4

ಈ 40 ವರ್ಷಗಳಲ್ಲಿ ವಿಜಾಪುರ ಸೀಮೆಯಲ್ಲಿ ಏನಾಯಿತೆಂಬುದನ್ನು ತಿಳಿಯದೆ ಮುಂದಿನ ಕಾಯದೆಯ ಅರ್ಥವಾಗದು. 1876–78ರ ಕ್ಷಾಮವು ಈ ಜಿಲ್ಲೆಯನ್ನು ಹಿಂಡಿತು. 1872ರ ಖಾನೇಶುಮಾರಿಯಲ್ಲಿ ಸುಮಾರು 8 ಲಕ್ಷ 16 ಸಾವಿರವಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಸತ್ತವರ, ಊರು ಬಿಟ್ಟವರ ಲೆಕ್ಕವೆರಡೂ ಇದರಲ್ಲಿ ಸೇರಿವೆ. 1878ರಲ್ಲಿ ಅರಣ್ಯದ ಕಾಯದೆ ಬಂದಿತು. 1880ರ ದಶಕದಲ್ಲಿ ಹೊಟಗಿಯಿಂದ ಗದಗಿನವರೆಗಿನ ರೈಲುಮಾರ್ಗವು ವಿಜಾಪುರದ ಮೂಲಕ ಹಾಯ್ದಿತು. ಎತ್ತು ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗುವ ವ್ಯಾಪಾರಕ್ಕೆ ಆ ಗಾಡಿಯೊಡನೆ ಪೈಪೋಟಿ ಸಾಧ್ಯವಿರಲಿಲ್ಲ.

ಮುಂದೆ ವಿಜಾಪುರದಲ್ಲಿ ಗುನ್ಹೆಗಾರರೆಂದು ಪಟ್ಟಿಯಾದ ಜನರ ಹೆಸರುಗಳೇ ಈ ಬದಲಾವಣೆಗೆ ಸಾಕ್ಷಿ ನುಡಿಯುತ್ತವೆ. ಹರಣಶಿಕಾರಿ ಎಂದರೆ ಚಿಗರೆಯ ಬೇಟೆಗಾರ. ಅವನ ಕಸುಬಿಗೆ ಬೇಕಾದ ಅಡವಿಯ ಬಾಗಿಲು ಒಂದೊಂದಾಗಿ ಮುಚ್ಚಿತು. ಛಪ್ಪರಬಂದನೆಂದರೆ ಚಪ್ಪರ, ಗುಡಿಸಲು ಕಟ್ಟುವವನು. ದಂಡಿನ ಬೀಡುಗಳು ನಿಂತುಹೋದ ಮೇಲೆ ಆ ಕೆಲಸಕ್ಕೆ ಕರೆಯುವವರಿಲ್ಲ. ಮೂರನೆಯ ಹೆಸರು ಗಂಟಿಚೋರ. ಇದರಲ್ಲಿ ಕಸುಬಿನ ಮಾತೇ ಇಲ್ಲ, ತೀರ್ಪು ಮಾತ್ರ ಇದೆ. ಪರರು ಇಟ್ಟ ಈ ಹೆಸರನ್ನು ಸರಕಾರದ ಕಾಗದಗಳು ಜಾತಿಯ ಹೆಸರಾಗಿ ಎತ್ತಿಕೊಂಡ ಕ್ಷಣದಲ್ಲಿಯೇ ಆ ಮನೆಗಳಲ್ಲಿ ಹುಟ್ಟುವ ಕೂಸು ವಿಚಾರಣೆಯಿಲ್ಲದೆ ಶಿಕ್ಷೆಗೆ ಗುರಿಯಾಯಿತೆನ್ನಬಹುದು.

ಈ ಜನರಲ್ಲಿ ಕಳವೇ ಇರಲಿಲ್ಲವೆಂದು ವಾದಿಸುವುದು ಇತಿಹಾಸಕಾರನ ಕೆಲಸವಲ್ಲ. ಖೊಟ್ಟಿ ನಾಣ್ಯಗಳನ್ನು ಮಾಡಿ ದೂರದೂರದ ಪ್ರಾಂತಗಳಲ್ಲಿ ಚಲಾಯಿಸಿದರೆಂಬ ಆರೋಪ ಛಪ್ಪರಬಂದರ ಮೇಲಿತ್ತು. ಅಂಥ ಖಟ್ಲೆಗಳಲ್ಲಿ ಕೆಲವರಿಗೆ ಶಿಕ್ಷೆಯೂ ಆಗಿತ್ತು. 1908ರಲ್ಲಿ ಪೋಲೀಸ ಅಧಿಕಾರಿ ಮೈಕೆಲ್ ಕೆನೆಡಿಯವರು ಮುಂಬಯಿ ಇಲಾಖೆಯ ಗುನ್ಹೆಗಾರ ವರ್ಗಗಳನ್ನು ಕುರಿತು ಪ್ರಕಟಿಸಿದ ಕೈಪಿಡಿಯಲ್ಲಿ ಒಂದೊಂದು ಜಾತಿಯ ವೇಷ, ಭಾಷೆ, ಸಂಚಾರದ ಹಾದಿ, ಕಳವಿನ ಬಗೆ ಇವನ್ನು ವಿಂಗಡಿಸಿ ಕೊಟ್ಟಿದ್ದಾರೆ. ನಮಗೆ ಮುಖ್ಯವಾದದ್ದು ಆರೋಪ ನಿಜವೋ ಅಲ್ಲವೋ ಎಂಬುದಕ್ಕಿಂತ, ಕೆಲವರ ಕೃತ್ಯದಿಂದ ಎಲ್ಲರ ಸ್ವಭಾವಕ್ಕೆ ನೆಗೆಯುವ ಆ ತರ್ಕ. ಪಕ್ಷಿಗಳನ್ನು ವರ್ಣಿಸುವ ಪುಸ್ತಕದಂತೆ ಜನರನ್ನು ವರ್ಣಿಸುವ ಪುಸ್ತಕ ಸಿದ್ಧವಾದ ಮೇಲೆ ಕಾಯದೆಗೆ ಹೆಚ್ಚು ಕೆಲಸ ಉಳಿಯಲಿಲ್ಲ.

ಹಾಗೆಂದು ಮುಂಬಯಿಯ ಪೋಲೀಸರು ಬರಿಗೈಯಲ್ಲಿದ್ದರೆಂದಲ್ಲ. 1890ರ ಜಿಲ್ಲಾ ಪೋಲೀಸ ಕಾಯದೆಯು, ಗಲಭೆಯಾದ ಊರಿನಲ್ಲಿ ಹೆಚ್ಚಿನ ಪೋಲೀಸರನ್ನಿಟ್ಟು ಅದರ ಖರ್ಚನ್ನು ಊರವರಿಂದಲೇ ವಸೂಲು ಮಾಡುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. 1898ರ ಫೌಜದಾರಿ ಕಾರ್ಯವಿಧಾನದ 110ನೆಯ ಕಲಮಿನಂತೆ, ರೂಢಿಗತ ಕಳ್ಳನೆಂದು ಹೆಸರಾದವನಿಂದ ಮ್ಯಾಜಿಸ್ಟ್ರೇಟನು ಸನ್ನಡತೆಯ ಮುಚ್ಚಳಿಕೆಯನ್ನು ಬರೆಯಿಸಿಕೊಳ್ಳಬಹುದಾಗಿತ್ತು. ಆದರೆ ಆ ಕಲಮಿನಲ್ಲಿ ವ್ಯಕ್ತಿಗೆ ನೋಟೀಸು ಹೋಗಬೇಕು, ಸಾಕ್ಷಿ ನಡೆಯಬೇಕು, ಅವನ ಮಾತನ್ನು ಕೇಳಬೇಕು, ಅವಧಿ ಮುಗಿದ ಮೇಲೆ ಬಿಡಬೇಕು. ಅಧಿಕಾರಿಗಳಿಗೆ ತೊಡಕೆನಿಸಿದ್ದು ಇದೇ. ವ್ಯಕ್ತಿಯ ಬದಲು ಸಮುದಾಯವನ್ನು ಹಿಡಿದರೆ ಈ ತೊಡಕುಗಳೆಲ್ಲ ಒಮ್ಮೆಗೇ ನಿವಾರಣೆಯಾಗುತ್ತಿದ್ದವು.

5

1911ರ 3ನೆಯ ಕಾಯದೆಯು ಗುನ್ಹೆಗಾರ ಜಾತಿಗಳ ವ್ಯವಸ್ಥೆಯನ್ನು ಇಡೀ ಬ್ರಿಟಿಶ್ ಹಿಂದುಸ್ತಾನಕ್ಕೆ ವಿಸ್ತರಿಸಿತು. ಮುಂಬಯಿ, ಮದರಾಸುಗಳೂ ಅದರೊಳಗೆ ಬಂದವು. ಮಿಂಟೋ-ಮಾರ್ಲೆ ಸುಧಾರಣೆಗಳಿಂದ ವಿಸ್ತಾರವಾದ ಸಭೆಯೇ ಇದನ್ನು ಅಂಗೀಕರಿಸಿತು. ಹಳೆಯ ಕಾಯದೆಯಲ್ಲಿದ್ದ ಅಡೆತಡೆ ಈಗ ಬಿದ್ದುಹೋಯಿತು. ಗವರ್ನರ್-ಜನರಲ್ಲರ ಮಂಜೂರಾತಿ ಬೇಕಿಲ್ಲ, ಬದುಕಿನ ದಾರಿಯನ್ನು ತೋರಿಸಬೇಕಾಗಿಲ್ಲ. ಪ್ರಾಂತ ಸರಕಾರವು ನಂಬಲು ಕಾರಣವಿದೆಯೆಂದುಕೊಂಡರೆ ಸಾಕು, ಗ್ಯಾಝೆಟ್ಟಿನ ಒಂದು ಪ್ರಕಟಣೆಯಿಂದ ಜಾತಿಯು ಗುನ್ಹೆಗಾರ ಜಾತಿಯಾಗುತ್ತಿತ್ತು. ಅನಂತರ ಜಿಲ್ಲಾ ಮ್ಯಾಜಿಸ್ಟ್ರೇಟನ ಅಪ್ಪಣೆಯಂತೆ ಪಟ್ಟಿ ತಯಾರಾಗಬೇಕು. ಪಟ್ಟಿಯಲ್ಲಿದ್ದವರ ಬೆರಳಚ್ಚುಗಳನ್ನು ತೆಗೆದುಕೊಳ್ಳಬೇಕು. ಅವರು ಗೊತ್ತುಪಡಿಸಿದ ಹೊತ್ತಿಗೆ ಹಾಜರಿ ಕೊಡಬೇಕು, ವಾಸ ಬದಲಿಸಿದರೆ ತಿಳಿಸಬೇಕು.

ಶಿಕ್ಷೆಯ ಪ್ರಮಾಣವೂ ಬೇರೆಯೇ. ಅನುಸೂಚಿಯಲ್ಲಿ ಹೇಳಿದ ಗುನ್ಹೆಗಾಗಿ ಒಮ್ಮೆ ಶಿಕ್ಷೆ ಹೊಂದಿದವನು ಮತ್ತೆ ಅಂಥ ಗುನ್ಹೆಯಲ್ಲಿ ಸಿಕ್ಕಿದರೆ, ವಿಶೇಷ ಕಾರಣವಿಲ್ಲದ ಪಕ್ಷದಲ್ಲಿ 7 ವರ್ಷಕ್ಕೆ ಕಡಿಮೆಯಿಲ್ಲದ ಕಾರಾಗೃಹ. ಮೂರನೆಯ ಸಲ ಜೀವಾವಧಿ ಕರಿನೀರು. ಪಟ್ಟಿಯಲ್ಲಿದ್ದವನು ಕಳವಿಗೆ ಹೊಂಚುಹಾಕುವಂತೆ ತೋರುವ ಸನ್ನಿವೇಶದಲ್ಲಿ ಕಂಡುಬಂದರೇ ಸಾಕು, 3 ವರ್ಷದವರೆಗೆ ಸೆರೆಮನೆ. ಬೇರೆ ಜಾತಿಯವನು ಅದೇ ರಾತ್ರಿ ಅದೇ ಹಾದಿಯಲ್ಲಿ ನಡೆದರೆ ಅದು ನಡಿಗೆ. ಇವನು ನಡೆದರೆ ಗುನ್ಹೆ.

ಇಲ್ಲಿ ಗ್ರಾಮದ ಪಾತ್ರ ಬರುತ್ತದೆ. ಪಟ್ಟಿಯಲ್ಲಿದ್ದವರು ವಾಸವಾಗಿದ್ದ ಪ್ರತಿಯೊಂದು ಊರಿನ ಪಾಟೀಲ, ತಳವಾರರೂ ಹೊಲದ ಒಡೆಯರೂ ಅವರು ಹಾಜರಿಗೆ ತಪ್ಪಿದರೆ ಅಥವಾ ಊರು ಬಿಟ್ಟರೆ ಹತ್ತಿರದ ಠಾಣೆಗೆ ಕೂಡಲೇ ತಿಳಿಸಬೇಕು. ಇಂಥ ಜಾತಿಯವರೆಂದು ಸಂಶಯ ಬರುವ ಹೊಸಬರು ಬಂದಿಳಿದರೂ ತಿಳಿಸಬೇಕು. ತಪ್ಪಿದರೆ ಪಾಟೀಲನಿಗೇ ಶಿಕ್ಷೆ. ಗೊತ್ತುಪಡಿಸಿದ ಮೇರೆಯ ಹೊರಗೆ ಸಿಕ್ಕವನನ್ನು ಪೋಲೀಸನಷ್ಟೇ ಅಲ್ಲ, ಪಾಟೀಲ ತಳವಾರರೂ ವಾರಂಟಿಲ್ಲದೆ ಹಿಡಿಯಬಹುದು. 1867ರಲ್ಲಿ ತೋಡಿದ ಕಾಲುವೆಯಲ್ಲಿ ನೀರು ಹರಿದದ್ದು ಹೀಗೆ. ಬಬಲೇಶ್ವರದಂಥ ಊರಿನ ಸಂತೆಗೆ ಬಂದ ತಿರುಗಾಡಿಯ ಕುಟುಂಬವೊಂದು ಆ ರಾತ್ರಿ ಎಲ್ಲಿ ತಂಗಬೇಕೆಂಬುದು, ಕಲಕತ್ತೆಯಲ್ಲಿ ಕೈಯೆತ್ತಿದವರ ಒಪ್ಪಿಗೆಯಿಂದ, ಚಾವಡಿಯ ಕಟ್ಟೆಯ ಮೇಲೆ ಕುಳಿತವನ ಮರ್ಜಿಗೆ ಒಳಪಟ್ಟಿತು. ಜತ್ತ, ಜಮಖಂಡಿಗಳ ಗಡಿ ದಾಟಿ ಬಂದವರಿಗೆ ಈ ತೊಡಕು ಇಮ್ಮಡಿ. ಪರಊರಿನವನೆಂಬುದೇ ಸಂಶಯದ ಮೊದಲ ಕಾರಣ.

6

ಹಾಜರಿಯ ಪದ್ಧತಿಯಿಂದ ಹೊಟ್ಟೆ ತುಂಬುವುದಿಲ್ಲವೆಂಬುದನ್ನು ಕಂಡ ಅಧಿಕಾರಿಗಳೂ ಇದ್ದರು. ಅವರಲ್ಲಿ ಮುಖ್ಯರು ಸಿವಿಲ್ ಸರ್ವಿಸಿನ ಓ. ಎಚ್. ಬಿ. ಸ್ಟಾರ್ಟ್ ಅವರು. ವಿಜಾಪುರ ಜಿಲ್ಲೆಯಲ್ಲಿ ಕೆಲಸದಲ್ಲಿದ್ದಾಗ, 20ನೆಯ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ, ಅಂದರೆ ಹೊಸ ಕಾಯದೆ ಬರುವುದಕ್ಕಿಂತ ಸ್ವಲ್ಪ ಮುಂಚೆಯೇ, ಅವರು ಗಂಟಿಚೋರ, ಹರಣಶಿಕಾರಿ, ಛಪ್ಪರಬಂದರನ್ನು ಒಂದೆಡೆ ನೆಲೆಗೊಳಿಸಿ ದುಡಿಮೆಗೆ ಹಚ್ಚುವ ಪ್ರಯೋಗವನ್ನು ಕೈಕೊಂಡರು. 1911ರ ಕಾಯದೆಯ 16ನೆಯ ಕಲಮು ಇಂಥ ವಸತಿಗಳಿಗೆ, ಅಂದರೆ ಸೆಟ್ಲಮೆಂಟುಗಳಿಗೆ, ಕಾಯದೆಯ ಆಧಾರವನ್ನು ಕೊಟ್ಟಿತು. ಮುಂದೆ ಇವರೇ ಇಲಾಖೆಯ ಎಲ್ಲ ಸೆಟ್ಲಮೆಂಟುಗಳ ಅಧಿಕಾರಿಯಾದರು. ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ದೊಡ್ಡ ಸೆಟ್ಲಮೆಂಟುಗಳು ಎದ್ದವು. ಹುಬ್ಬಳ್ಳಿ, ಗದಗಗಳಲ್ಲಿ ಇಂದಿಗೂ ಸೆಟ್ಲಮೆಂಟು ಎಂಬುದು ಓಣಿಯ ಹೆಸರಾಗಿ ಜನರ ಬಾಯಲ್ಲಿ ಉಳಿದಿದೆ.

ಸ್ಟಾರ್ಟ್ ಅವರ ಉದ್ದೇಶವನ್ನು ಶಂಕಿಸಲು ಕಾರಣವಿಲ್ಲ. ಶಿಕ್ಷೆಗಿಂತ ಕೆಲಸ, ಶಾಲೆ, ಮನೆ ಇವುಗಳಿಂದ ಮನುಷ್ಯ ಬದಲಾಗುವನೆಂದು ಅವರು ನಂಬಿದ್ದರು. 1928ರಲ್ಲಿ ಮುಂಬಯಿ ಸರಕಾರವು ಅಸ್ಪೃಶ್ಯರ ಹಾಗೂ ಆದಿವಾಸಿಗಳ ಸ್ಥಿತಿಗತಿಯನ್ನು ವಿಚಾರಿಸಲು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು, ಡಾ. ಬಿ. ಆರ್. ಅಂಬೇಡಕರ, ಠಕ್ಕರ್ ಬಾಪಾ ಮೊದಲಾದವರು ಅದರ ಸದಸ್ಯರು. 1930ರಲ್ಲಿ ಹೊರಬಿದ್ದ ಆ ವರದಿಯು ಸ್ಟಾರ್ಟ್ ಸಮಿತಿಯ ವರದಿಯೆಂದೇ ಪ್ರಸಿದ್ಧವಾಗಿದೆ.

ಆದರೆ ಒಳ್ಳೆಯ ಉದ್ದೇಶವೂ ತನ್ನ ಕೈಯ ಸಾಧನಕ್ಕಿಂತ ಒಳ್ಳೆಯದಾಗಲಾರದು. ಸೆಟ್ಲಮೆಂಟಿನಲ್ಲಿದ್ದವನು ಮಾಡಿದ ಗುನ್ಹೆಗಾಗಿ ಶಿಕ್ಷೆ ಅನುಭವಿಸುವ ಕೈದಿಯಲ್ಲ. ಆದಕಾರಣ ಅವನಿಗೆ ಶಿಕ್ಷೆಯ ಅವಧಿಯೆಂಬುದೂ ಇಲ್ಲ. ರೈಲುಮಾರ್ಗದ ಮಣ್ಣುಕೆಲಸ, ಗಿರಣಿ, ಕಾರಖಾನೆಗಳಲ್ಲಿ ಅವನಿಗೆ ಕೂಲಿ ಸಿಗುತ್ತಿತ್ತು ನಿಜ. ಆದರೆ ಆ ಕೆಲಸ ಬೇಡವೆಂದು ಹೊರಡುವ ಹಕ್ಕು ಇರಲಿಲ್ಲ. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಇಡುವ ಅಧಿಕಾರವನ್ನೂ ಕಾಯದೆಯು ಸರಕಾರಕ್ಕೆ ಕೊಟ್ಟಿತ್ತು. ಯಾವನು ಸುಧಾರಿಸಿದನು, ಯಾವನಿಗೆ ಹೊರಗೆ ಹೋಗಲು ಅಪ್ಪಣೆ ಕೊಡಬೇಕು ಎಂಬುದನ್ನು ತೀರ್ಮಾನಿಸುವವನು ನ್ಯಾಯಾಧೀಶನಲ್ಲ, ಸೆಟ್ಲಮೆಂಟಿನ ಮ್ಯಾನೇಜರ. ಶಾಸನಸಭೆ ಒಮ್ಮೆ ಕಾಯದೆ ಮಾಡಿತು. ಆ ಮೇಲೆ ಪ್ರತಿದಿನವೂ ಕಾಯದೆಯನ್ನು ಮಾಡಿದವನು ಈ ಮ್ಯಾನೇಜರನೇ ಎಂದರೆ ತಪ್ಪಾಗದು.

7

ಜನಪ್ರತಿನಿಧಿಗಳು ಸಭೆಗೆ ಬಂದ ಮೇಲಾದರೂ ಇದು ಬದಲಾಯಿತೇ? 1919ರ ಕಾನೂನಿನಿಂದ ಮುಂಬಯಿಯ ಕೌನ್ಸಿಲಿನಲ್ಲಿ ಚುನಾಯಿತರ ಬಹುಮತ ಬಂದಿತು. ವಿಜಾಪುರದ ವಕೀಲರೂ ವಚನವಾಙ್ಮಯದ ಉದ್ಧಾರಕರೂ ಆದ ಡಾ. ಫ. ಗು. ಹಳಕಟ್ಟಿಯವರು 1920ರ ದಶಕದ ಆರಂಭದಲ್ಲಿ ಆ ಸಭೆಯ ಸದಸ್ಯರಾಗಿದ್ದರು. ಆದರೆ ದ್ವಿಮುಖ ರಾಜ್ಯಪದ್ಧತಿಯಲ್ಲಿ ಶಿಕ್ಷಣ, ಆರೋಗ್ಯಗಳಂಥ ವಿಷಯಗಳು ಮಾತ್ರ ಮಂತ್ರಿಗಳ ಕೈಗೆ ಬಂದವು; ಪೋಲೀಸ, ಸೆರೆಮನೆ, ಸಾರ್ವಜನಿಕ ಶಾಂತತೆಗಳು ಕಾಯ್ದಿಟ್ಟ ವಿಷಯಗಳಾಗಿ ಗವರ್ನರರ ಕಾರ್ಯಕಾರಿ ಸದಸ್ಯರ ವಶದಲ್ಲಿ ಉಳಿದವು. ಸಭೆಯು ಆ ಬಾಬಿನ ಹಣವನ್ನು ಕಡಿಮೆ ಮಾಡಿದರೂ, ಅವಶ್ಯವೆಂದು ಪ್ರಮಾಣೀಕರಿಸಿ ಗವರ್ನರರು ಮರಳಿ ಸೇರಿಸಬಹುದಾಗಿತ್ತು. ಆಸ್ತಿಯ ಆಧಾರದ ಮತಾಧಿಕಾರದಲ್ಲಿ ಪಟ್ಟಿಯವರಿಗೆ ಮತವೆಲ್ಲಿಯದು? ಸರಕಾರದ ಒಂದು ಪಟ್ಟಿಯಲ್ಲಿ ತಪ್ಪದೆ ಸೇರಿದ ಹೆಸರುಗಳು ಇನ್ನೊಂದು ಪಟ್ಟಿಯಲ್ಲಿ, ಮತದಾರರ ಪಟ್ಟಿಯಲ್ಲಿ, ಕಾಣುವಂತಿರಲಿಲ್ಲ.

ಇಲ್ಲಿ ಇನ್ನೊಂದು ಹೋಲಿಕೆಯನ್ನು ಮಾಡಬೇಕು. 1919ರ ಮಾರ್ಚದಲ್ಲಿ ರೌಲತ್ ಕಾಯದೆ ಅಂಗೀಕೃತವಾದಾಗ ಸಾಮ್ರಾಜ್ಯದ ಶಾಸನಸಭೆಯ ಚುನಾಯಿತ ಹಿಂದೀ ಸದಸ್ಯರು ಅದನ್ನು ತೀವ್ರವಾಗಿ ವಿರೋಧಿಸಿದರು. ಮದನ ಮೋಹನ ಮಾಳವೀಯ, ಮಹಮ್ಮದ ಅಲಿ ಜಿನ್ನಾ ಮೊದಲಾದವರು ರಾಜೀನಾಮೆ ಕೊಟ್ಟರು. ದೇಶವೇ ಹರತಾಳ ಹೂಡಿತು. ವಿಚಾರಣೆಯಿಲ್ಲದೆ ನಿರ್ಬಂಧಿಸುವ ಅಧಿಕಾರವನ್ನು ಯಾವ ಸರಕಾರಕ್ಕೂ ಕೊಡಲಾಗದೆಂಬುದು ಆ ವಿರೋಧದ ತಳಹದಿ. ಆ ಕಾಯದೆ 3 ವರ್ಷಗಳಲ್ಲಿ, 1922ರಲ್ಲಿ, ರದ್ದಾಯಿತು. ಅದೇ ತತ್ತ್ವವನ್ನು ಇನ್ನೂ ವಿಶಾಲವಾಗಿ, ಹೆಂಗಸರು ಮಕ್ಕಳ ಸಹಿತ ಇಡೀ ಸಮುದಾಯಗಳ ಮೇಲೆ ಪ್ರಯೋಗಿಸಿದ ಗುನ್ಹೆಗಾರ ಜಾತಿಗಳ ಕಾಯದೆ 81 ವರ್ಷ ಬಾಳಿತು. ಅದಕ್ಕಾಗಿ ದೇಶದಲ್ಲಿ ಹರತಾಳವಾಗಲಿಲ್ಲ. ರೌಲತ್ ಕಾಯದೆ ತಮ್ಮ ಮನೆಯ ಬಾಗಿಲಿಗೂ ಬರಬಹುದೆಂದು ಓದುಬರಹ ಬಲ್ಲ ವರ್ಗಗಳಿಗೆ ತಿಳಿದಿತ್ತು. ಇನ್ನೊಂದು ಕಾಯದೆ ಊರಾಚೆಯ ಗುಡಿಸಲುಗಳದು. ತಮ್ಮ ಕಣಜದ ರಕ್ಷಣೆಗೆ ಅದು ಬೇಕೆಂದು ತಿಳಿದ ಹೊಲಮನೆಗಳ ಒಡೆಯರೂ ಇರಲಿಲ್ಲವೆನ್ನುವಂತಿಲ್ಲ.

1919–20ರ ಸೆರೆಮನೆಗಳ ಸಮಿತಿಯು ಸೆಟ್ಲಮೆಂಟುಗಳನ್ನು ಪರಿಶೀಲಿಸಿತು. 1923ರಲ್ಲಿ ಕಾಯದೆಗೆ ತಿದ್ದುಪಡಿಯಾಯಿತು. 1924ರಲ್ಲಿ ಎಲ್ಲವನ್ನೂ ಒಂದುಗೂಡಿಸಿ ಆ ವರ್ಷದ 6ನೆಯ ಕಾಯದೆಯಾಯಿತು. ಒಂದುಗೂಡಿಸುವ ಮಸೂದೆಯು ಇದ್ದುದನ್ನು ಅಚ್ಚುಕಟ್ಟಾಗಿ ಜೋಡಿಸುತ್ತದೆ. ಮೂಲತತ್ತ್ವವನ್ನು ಮತ್ತೆ ತೂಗಿ ನೋಡುವುದಿಲ್ಲ. 1871ರಲ್ಲಿ ಪ್ರಶ್ನೆಯಾಗಿದ್ದುದು 1924ರ ಹೊತ್ತಿಗೆ ವ್ಯವಸ್ಥೆಯಾಗಿತ್ತು.

8

ಏಳಿಗೆಯ ದಿಕ್ಕು ತಿರುಗಿದ್ದು 1930ರ ದಶಕದಲ್ಲಿ. 1936ರಲ್ಲಿ ಜವಾಹರಲಾಲ ನೆಹರೂ ಅವರು ಈ ಕಾಯದೆಯನ್ನು ನಾಗರಿಕ ಸ್ವಾತಂತ್ರ್ಯಕ್ಕೆ ವಿರುದ್ಧವಾದುದೆಂದು ಬಹಿರಂಗವಾಗಿ ಖಂಡಿಸಿದರು. 1937ರಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲವು ಮುಂಬಯಿಯಲ್ಲಿ ಅಧಿಕಾರಕ್ಕೆ ಬಂದಾಗ ಪೋಲೀಸ ಖಾತೆ ಮೊಟ್ಟಮೊದಲಿಗೆ ಸಭೆಗೆ ಉತ್ತರ ಹೇಳುವ ಮಂತ್ರಿಯ ಕೈಸೇರಿತು. ಗೃಹಮಂತ್ರಿ ಕೆ. ಎಂ. ಮುನ್ಶಿಯವರ ಅಧ್ಯಕ್ಷತೆಯಲ್ಲಿ ಈ ಕಾಯದೆಯನ್ನು ಕುರಿತು ವಿಚಾರಣಾ ಸಮಿತಿಯೊಂದು ನೇಮಕವಾಗಿ 1939ರಲ್ಲಿ ವರದಿಯನ್ನು ಕೊಟ್ಟಿತು. ಯುದ್ಧ ಬಂದು ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟದ್ದರಿಂದ ಆ ಕೆಲಸ ಸ್ವಾತಂತ್ರ್ಯದವರೆಗೆ ಕಾಯಬೇಕಾಯಿತು. 1949ರಲ್ಲಿ ಮುಂಬಯಿ ಪ್ರಾಂತವು ಕಾಯದೆಯನ್ನು ರದ್ದುಗೊಳಿಸಿತು. ಅದೇ ವರ್ಷ ಕೇಂದ್ರ ಸರಕಾರವು ಅನಂತಶಯನಂ ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಅದರ ಶಿಫಾರಸಿನಂತೆ 1952ರ ಆಗಸ್ಟ 31ರಂದು ಇಡೀ ದೇಶದಲ್ಲಿ ಕಾಯದೆ ಕೊನೆಗೊಂಡಿತು. ಅಂದಿನಿಂದ ಈ ಸಮುದಾಯಗಳಿಗೆ ವಿಮುಕ್ತರೆಂಬ ಹೆಸರು ಬಂದಿತು.

ಆದರೆ ಕೆಳಗಿಳಿದ ಅಧಿಕಾರವು ಅಷ್ಟು ಸುಲಭವಾಗಿ ಮೇಲೇರುವುದಿಲ್ಲ. ಜಾತಿಯ ಬದಲು ವ್ಯಕ್ತಿಯನ್ನು ಹಿಡಿಯುವ ರೂಢಿಗತ ಗುನ್ಹೆಗಾರರ ಕಾಯದೆಗಳು ಹಳೆಯದರ ಜಾಗಕ್ಕೆ ಬಂದವು. ಮುಂಬಯಿಯಲ್ಲಿ 1947ರಲ್ಲಿಯೇ ಇಂಥ ಕಾಯದೆಯಾಗಿತ್ತು. 1956ರಲ್ಲಿ ವಿಜಾಪುರವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1961ರಲ್ಲಿ ಆ ರಾಜ್ಯವೂ ಒಂದನ್ನು ಮಾಡಿತು. ತತ್ತ್ವದಲ್ಲಿ ಇದು ದೊಡ್ಡ ವ್ಯತ್ಯಾಸ: ಹುಟ್ಟಿನ ಬದಲು ಸಿದ್ಧವಾದ ಗುನ್ಹೆಗಳು ಆಧಾರವಾದವು. ಆದರೆ ಠಾಣೆಯಲ್ಲಿನ ನೆನಪು ಕಾಯದೆಯ ಪುಸ್ತಕದೊಡನೆ ಬದಲಾಗಲಿಲ್ಲ. 2024ರ ಅಕ್ಟೋಬರ 3ರಂದು ಸರ್ವೋಚ್ಚ ನ್ಯಾಯಾಲಯವು ಸೆರೆಮನೆಗಳಲ್ಲಿನ ಜಾತಿಭೇದವನ್ನು ಕುರಿತ ತೀರ್ಪಿನಲ್ಲಿ, ವಿಮುಕ್ತ ಸಮುದಾಯದವರನ್ನು ರೂಢಿಗತ ಗುನ್ಹೆಗಾರರೆಂದು ಎಣಿಸುವ ನಿಯಮಗಳನ್ನು ಖಂಡಿಸಬೇಕಾಗಿ ಬಂದಿತೆಂಬುದೇ ಇದಕ್ಕೆ ನಿದರ್ಶನ. ರದ್ದತಿಯಾಗಿ ಆಗ 72 ವರ್ಷಗಳಾಗಿದ್ದವು.

9

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯವನ್ನು ಕೆಲವು ಮಾತುಗಳಲ್ಲಿ ಹೇಳಬಹುದು. ಈ ಕಾಯದೆಯ ದೋಷವು ಅದರ ಕಾಠಿಣ್ಯದಲ್ಲಷ್ಟೇ ಇರಲಿಲ್ಲ. ಕಠಿಣವಾದ ದಂಡಸಂಹಿತೆಯೂ ನ್ಯಾಯಾಲಯದ ಮೂಲಕ ನಡೆದರೆ ಆಪಾದಿತನಿಗೆ ಮಾತನಾಡುವ ಎಡೆಯಿರುತ್ತದೆ. ಗುನ್ಹೆಯೆಂದರೇನು, ಗುನ್ಹೆಗಾರನು ಯಾರು ಎಂಬುದನ್ನು ವಿಧಿಸುವ ತನ್ನ ಮೂಲಕರ್ತವ್ಯವನ್ನೇ ಶಾಸನಸಭೆಯು ಇತರರಿಗೆ ಒಪ್ಪಿಸಿಕೊಟ್ಟಿತೆಂಬುದೇ ನಿಜವಾದ ದೋಷ. 1871ರಲ್ಲಿ ಆ ಒಪ್ಪಿಗೆ ಗವರ್ನರ್-ಜನರಲ್ಲರವರೆಗೆ ಇತ್ತು. 1911ರಲ್ಲಿ ಪ್ರಾಂತ ಸರಕಾರಕ್ಕೆ ಇಳಿಯಿತು. ಅಲ್ಲಿಂದ ಜಿಲ್ಲಾ ಮ್ಯಾಜಿಸ್ಟ್ರೇಟನಿಗೆ, ಮ್ಯಾನೇಜರನಿಗೆ, ಪಾಟೀಲ ತಳವಾರರಿಗೆ. ಕೊನೆಯ ಮೆಟ್ಟಲಿನಲ್ಲಿ ನಿಂತವನು ತಾನು ಕಾಯದೆ ಮಾಡುತ್ತಿದ್ದೇನೆಂದು ಎಣಿಸಲಿಲ್ಲ. ಮೊದಲ ಮೆಟ್ಟಲಿನಲ್ಲಿ ನಿಂತವರು ತಾವು ಯಾರನ್ನೋ ಸೆರೆಗೆ ತಳ್ಳುತ್ತಿದ್ದೇವೆಂದು ಎಣಿಸಲಿಲ್ಲ. ಹೊಣೆಯು ಹೀಗೆ ಹಂಚಿಹೋಗಿ ಯಾರದೂ ಅಲ್ಲವಾಯಿತು.

ಪಾಟೀಲಕಿಯ ವತನಗಳು 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯದೆಯಿಂದ ಕೊನೆಗೊಂಡವು. ಸೆಟ್ಲಮೆಂಟುಗಳು ಬಯಲಾದವು. ಪಟ್ಟಿಗಳು ಕಪಾಟು ಸೇರಿದವು. ಆದರೆ ಕರ್ನಾಟಕದ ಪರಿಶಿಷ್ಟ ಜಾತಿಗಳ ಯಾದಿಯಲ್ಲಿ ಗಂಟಿಚೋರ ಎಂಬ ಹೆಸರು ಹಾಗೆಯೇ ಅಚ್ಚಾಗಿದೆ. ಸವಲತ್ತಿಗಾಗಿ ಅರ್ಜಿ ಬರೆಯುವ ವಿದ್ಯಾರ್ಥಿಯು ತನ್ನ ಕೈಯಿಂದಲೇ ಆ ಪದವನ್ನು ತುಂಬಬೇಕಾಗುತ್ತದೆ. ಒಂದು ಶತಮಾನದ ಹಿಂದೆ ಸಾಕ್ಷಿಯಿಲ್ಲದೆ ಬರೆದ ತೀರ್ಪನ್ನು ಅಳಿಸುವ ಅಧಿಕಾರ ಇಂದು ಮತ್ತೆ ಶಾಸನಸಭೆಯಲ್ಲಿಯೇ ಇದೆ; ಈ ಸಲ ಅದು ಆ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸುವಂತಿಲ್ಲ.